ಸೀಲಿಯಾಕ್ ಇರುವವರಿಗೆ ಅಡುಗೆ: ಒಂದೇ ಅಡುಗೆಮನೆಯಲ್ಲಿ ಗೋಧಿಯೂ ಇದ್ದರೆ ಹೇಗೆ? ರೊಟ್ಟಿ ಬಿರಿಯುವುದು, ಬ್ರೆಡ್ ಕುಸಿಯುವುದು ಯಾಕೆ?

ಹಂಚಿನ_ಮುಂದೆ (ಪ್ರಶ್ನೆ)

ನನ್ನ ಹೆಂಡತಿಗೆ ಸೀಲಿಯಾಕ್ ಕಾಯಿಲೆ ಇರುವುದು ರಕ್ತಪರೀಕ್ಷೆ, ಬಯಾಪ್ಸಿ ಎರಡರಲ್ಲೂ ಖಚಿತವಾಗಿದೆ. ಮನೆಯಲ್ಲಿ ಅಡುಗೆ ನನ್ನದು. ಗೋಧಿ, ಬಾರ್ಲಿ, ರೈ ಮೂರೂ ಅವಳಿಗೆ ಇನ್ನು ಜೀವನಪೂರ್ತಿ ಆಗುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಮಕ್ಕಳು ಗೋಧಿ ತಿನ್ನುವುದನ್ನು ಸದ್ಯಕ್ಕೆ ನಿಲ್ಲಿಸಿಲ್ಲ. ತಿಳಿದವರು ದಯವಿಟ್ಟು ವಿವರವಾಗಿ ಹೇಳಿ:

ಒಂದೇ ಅಡುಗೆಮನೆಯಲ್ಲಿ ಎರಡೂ ಬಗೆಯ ಅಡುಗೆ ಸಾಧ್ಯವೇ? ಯಾವ ಪಾತ್ರೆ ಬೇರೆ ಬೇಕು, ಯಾವುದನ್ನು ತೊಳೆದು ಬಳಸಬಹುದು?

ಜೋಳ ಅಥವಾ ಅಕ್ಕಿ ಹಿಟ್ಟಿನ ರೊಟ್ಟಿ ಲಟ್ಟಿಸುವಾಗಲೇ ಅಂಚು ಬಿರಿಯುತ್ತದೆ, ಬೆಂದ ಮೇಲೆ ಮಡಚಿದರೆ ಮುರಿಯುತ್ತದೆ. ಬ್ರೆಡ್ ಓವನ್ನಿನಲ್ಲಿ ಚೆನ್ನಾಗಿ ಉಬ್ಬಿ, ಹೊರಗೆ ತೆಗೆದ ಮೇಲೆ ನಡುವೆ ಕುಸಿಯುತ್ತದೆ, ಒಳಗೆ ಅಂಟಂಟು. ತಪ್ಪುತ್ತಿರುವುದು ಎಲ್ಲಿ?

ಪೊಟ್ಟಣದ ಮೇಲಿನ ಪಟ್ಟಿಯಲ್ಲಿ "ಗೋಧಿ" ಎಂಬ ಪದ ಇಲ್ಲದಿದ್ದರೆ ಸಾಕೇ? ಓಟ್ಸ್ ಕೊಡಬಹುದೇ?

---

ಶುಚಿಪಾತ್ರೆ

ಮೊದಲು ಒಂದು ಲೆಕ್ಕ ಮನಸ್ಸಿನಲ್ಲಿ ಗಟ್ಟಿಯಾಗಲಿ. ಅಡುಗೆಮನೆಯ ಎಲ್ಲ ನಿಯಮಗಳೂ ಅದರಿಂದಲೇ ಹುಟ್ಟುತ್ತವೆ.

ಗೋಧಿ, ಬಾರ್ಲಿ, ರೈಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನೇ ಸೀಲಿಯಾಕ್ ಇರುವವರ ಕರುಳನ್ನು ಸವೆಸುವುದು. ದಿನಕ್ಕೆ 10 ಮಿಲಿಗ್ರಾಂಗಿಂತ ಕಡಿಮೆ ಗ್ಲುಟೆನ್ ಹೊಟ್ಟೆ ಸೇರಿದರೆ ಸೀಲಿಯಾಕ್ ಇರುವ ಹೆಚ್ಚಿನವರ ಕರುಳಿಗೆ ಹಾನಿಯಾಗುವ ಸಂಭವ ಕಡಿಮೆ. ದಿನವೂ 50 ಮಿಲಿಗ್ರಾಂ ಹೋದರೆ ಮೂರು ತಿಂಗಳಲ್ಲೇ ಕರುಳಿನ ಒಳಪದರ ಸವೆಯುವುದು ಅಧ್ಯಯನದಲ್ಲಿ ಕಂಡಿದೆ. ಗೋಧಿ ಹಿಟ್ಟಿನ ತೂಕದಲ್ಲಿ ಸುಮಾರು ಶೇ 8ರಿಂದ 9 ಗ್ಲುಟೆನ್. ಒಂದು ಟೀ ಚಮಚ ಹಿಟ್ಟು ಸುಮಾರು 3 ಗ್ರಾಂ ತೂಗುತ್ತದೆ, ಅದರಲ್ಲಿ 250 ಮಿಲಿಗ್ರಾಂ ಹತ್ತಿರ ಗ್ಲುಟೆನ್. ಅಂದರೆ 10 ಮಿಲಿಗ್ರಾಂ ತಲುಪಲು ಒಂದು ಚಮಚದ ಇಪ್ಪತ್ತೈದನೇ ಒಂದು ಪಾಲು ಸಾಕು. ಲಟ್ಟಣಿಗೆಯ ಗೀರಿನಲ್ಲಿ, ಜರಡಿಯ ಕಣ್ಣಿನಲ್ಲಿ, ಮಸಿಬಟ್ಟೆಯ ಮಡಿಕೆಯಲ್ಲಿ ಇದಕ್ಕಿಂತ ಹೆಚ್ಚು ಹಿಟ್ಟು ಕೂತಿರುತ್ತದೆ. "ಸ್ವಲ್ಪ ತಗುಲಿದರೆ ಏನಾಗುತ್ತದೆ" ಎಂದು ಮನೆಯವರು ಕೇಳಿದಾಗ ಈ ಲೆಕ್ಕವನ್ನೇ ಹೇಳಿ. ತಿಂದ ದಿನ ಹೊಟ್ಟೆನೋವು ಬರಲಿಲ್ಲ ಎಂದರೆ ಹಾನಿಯಾಗಲಿಲ್ಲ ಎಂದೇನೂ ಅಲ್ಲ. ಯಾವ ಲಕ್ಷಣವೂ ತೋರದೆ ಕರುಳು ಸವೆಯುವವರು ಬೇಕಾದಷ್ಟು ಜನ ಇದ್ದಾರೆ.

ಕಾಯಿಸಿದರೆ ಗ್ಲುಟೆನ್ ನಾಶವಾಗುವುದಿಲ್ಲ. ಅದು ಕ್ರಿಮಿಯಲ್ಲ, ಪ್ರೋಟೀನು. ಕುದಿಯುವ ನೀರು, ಕಾದ ಎಣ್ಣೆ, ಕೈಗೆ ಹಚ್ಚುವ ಸ್ಯಾನಿಟೈಸರ್ ಯಾವುದೂ ಅದನ್ನು ಇಲ್ಲವಾಗಿಸುವುದಿಲ್ಲ. ಸೋಪು ಹಾಕಿ ಉಜ್ಜಿ, ಹರಿಯುವ ನೀರಿನಲ್ಲಿ ತೊಳೆದು ಹೊರಹಾಕುವುದೊಂದೇ ದಾರಿ. ಹಾಗಾಗಿ ಪಾತ್ರೆ ಬೇರೆ ಮಾಡುವಾಗ ಕೇಳಿಕೊಳ್ಳಬೇಕಾದದ್ದು ಇಷ್ಟೇ: ಇದರ ಪ್ರತಿ ಮೂಲೆಗೂ ಸೋಪು ಮತ್ತು ಕೈ ತಲುಪುತ್ತದೆಯೇ?

ತಲುಪುತ್ತದೆ ಎಂದರೆ ಹಂಚಿಕೊಳ್ಳಬಹುದು. ಸ್ಟೀಲ್ ಪಾತ್ರೆ, ಗಾಜಿನ ಬಟ್ಟಲು, ಪಿಂಗಾಣಿ ತಟ್ಟೆ, ಗೀರು ಬೀಳದ ಪ್ಯಾನ್ ಇವೆಲ್ಲ ಈ ಗುಂಪು. ತಲುಪದವು ನಿಮ್ಮ ಹೆಂಡತಿಗಾಗಿ ಹೊಸದಾಗಿಯೇ ಬರಬೇಕು: ಮಣೆ ಮತ್ತು ಲಟ್ಟಣಿಗೆ, ಮರದ ಸೌಟು, ಹಿಟ್ಟಿನ ಜರಡಿ, ಸೋಸುವ ಜಾಲರಿ, ಟೋಸ್ಟರ್, ಗೀರು ಬಿದ್ದ ನಾನ್‌ಸ್ಟಿಕ್, ಮರದ ಅಥವಾ ಪ್ಲಾಸ್ಟಿಕ್ಕಿನ ಕತ್ತರಿಸುವ ಹಲಗೆ. ಮೈಯಲ್ಲಿ ಸೂಕ್ಷ್ಮ ರಂಧ್ರಗಳಿರುವ ಕಬ್ಬಿಣದ ಹಂಚನ್ನು ಗೋಧಿಗೆ ಬಳಸುತ್ತಿದ್ದರೆ ಅದೂ ಬೇರೆಯೇ ಇರಲಿ. ಮಿಕ್ಸಿ ಜಾರಿನ ಬ್ಲೇಡಿನ ಬುಡ ಮತ್ತು ರಬ್ಬರ್ ಉಂಗುರದ ಕೆಳಗೆ ಹಿಟ್ಟು ಸೇರಿಕೊಳ್ಳುತ್ತದೆ. ಬಿಚ್ಚಿ ತೊಳೆಯಲು ಬಾರದ ಜಾರ್ ಆಗಿದ್ದರೆ ಅದನ್ನು ಅವರ ಅಡುಗೆಗೆ ಬಳಸಬೇಡಿ. ಒಣಕಾಳು ಬೀಸುವ ಯಂತ್ರ ಒಮ್ಮೆ ಗೋಧಿ ಬೀಸಿದ್ದರೆ ಅದನ್ನು ಶುದ್ಧ ಮಾಡುವ ನಂಬಿಕೆಯ ವಿಧಾನವೇ ಇಲ್ಲ. ಹೊರಗಿನ ಗಿರಣಿಗೂ ಇದೇ ಮಾತು. ಮೊದಲು ಒಂದೆರಡು ಕಿಲೋ ಅಕ್ಕಿ ಬೀಸಿ ಚೆಲ್ಲಿದರೂ ಕಲ್ಲಿನ ಸಂದಿಯ ಹಿಟ್ಟು ಪೂರ್ತಿ ಹೋಗುವುದಿಲ್ಲ.

ಪಾತ್ರೆ ಉಜ್ಜುವ ಸ್ಪಂಜು ಕೂಡ ಬೇರೆ ಇರಲಿ. ಇದನ್ನು ಬಹಳ ಮನೆಗಳಲ್ಲಿ ಮರೆಯುತ್ತಾರೆ. ಗೋಧಿ ಕಣಕದ ಬಟ್ಟಲು ಉಜ್ಜಿದ ಸ್ಪಂಜಿನಲ್ಲೇ ಅವರ ತಟ್ಟೆ ಉಜ್ಜಿದರೆ ಉಳಿದ ಎಚ್ಚರಿಕೆಯೆಲ್ಲ ನೀರುಪಾಲು. ಬಣ್ಣ ನಿಗದಿ ಮಾಡಿಕೊಳ್ಳಿ. ಹಸಿರು ಹಿಡಿಯ ಸೌಟು, ಹಸಿರು ಸ್ಪಂಜು, ಹಸಿರು ಮುಚ್ಚಳದ ಡಬ್ಬಿ ಅವರದ್ದು ಎಂದಾದರೆ ಮಕ್ಕಳಿಗೂ ಗೊಂದಲವಿಲ್ಲ.

ಜಾಗದಲ್ಲಿ ಮೇಲು ಕೆಳಗು ನೋಡಿ. ಅವರ ಹಿಟ್ಟು, ಕಾಳುಗಳೆಲ್ಲ ಮೇಲಿನ ಶೆಲ್ಫಿನಲ್ಲಿ, ಗೋಧಿಯದ್ದು ಕೆಳಗೆ. ಉದುರುವುದು ಯಾವಾಗಲೂ ಕೆಳಕ್ಕೆ ತಾನೆ. ಬೆಣ್ಣೆ, ಜಾಮ್, ಉಪ್ಪಿನಕಾಯಿ ಡಬ್ಬಿಗಳು ಎರಡೆರಡು ಬೇಕು. ಬ್ರೆಡ್ಡಿಗೆ ಸವರಿದ ಚಾಕು ಮತ್ತೆ ಡಬ್ಬಿಗೆ ಇಳಿದ ಕ್ಷಣವೇ ಆ ಡಬ್ಬಿ ಅವರಿಗೆ ಇಲ್ಲ. ಕರಿದ ಎಣ್ಣೆಯೂ ಹಾಗೆಯೇ: ಗೋಧಿ ಅಥವಾ ಮೈದಾದ ತಿಂಡಿ ಕರಿದ ಎಣ್ಣೆಯನ್ನು ಸೋಸಿ ಬಳಸುವಂತಿಲ್ಲ.

ಒಂದೇ ಹೊತ್ತಿಗೆ ಎರಡೂ ಅಡುಗೆ ಇದ್ದರೆ ಗ್ಲುಟೆನ್ ಇಲ್ಲದ್ದನ್ನು ಮೊದಲು ಮಾಡಿ, ಮುಚ್ಚಿ ದೂರವಿಟ್ಟು, ಆಮೇಲೆ ಗೋಧಿಗೆ ಕೈ ಹಾಕಿ. ಒಣ ಗೋಧಿ ಹಿಟ್ಟು ಜರಡಿ ಹಿಡಿದರೆ ಗಾಳಿಯಲ್ಲಿ ಗಂಟೆಗಟ್ಟಲೆ ತೇಲಿ ತೆರೆದ ಪಾತ್ರೆಗಳ ಮೇಲೆ ಇಳಿಯುತ್ತದೆ. ನನ್ನ ಸಲಹೆ ಕೇಳುವುದಾದರೆ, ಒಣ ಗೋಧಿ ಹಿಟ್ಟನ್ನೇ ಮನೆಯಿಂದ ಹೊರಗಿಡಿ. ಮಕ್ಕಳಿಗೆ ಸಿದ್ಧ ಬ್ರೆಡ್, ಬಿಸ್ಕತ್ತು ಬೇಕಿದ್ದರೆ ಇರಲಿ. ಅವುಗಳ ಚೂರುಗಳನ್ನು ನಿಭಾಯಿಸಬಹುದು, ಹಾರುವ ಹಿಟ್ಟನ್ನು ಆಗದು.

---

ಹಂಚಿನ_ಮುಂದೆ

ತುಂಬ ಉಪಕಾರವಾಯಿತು. ಸ್ಪಂಜಿನ ವಿಷಯ ನಿಜಕ್ಕೂ ಹೊಳೆದಿರಲಿಲ್ಲ. ರೊಟ್ಟಿ, ಬ್ರೆಡ್ ಬಗ್ಗೆ ಯಾರಾದರೂ ಅಳತೆಸಮೇತ ಹೇಳುತ್ತೀರಾ? ಇಸಬ್ಗೋಲ್ ಹಾಕಬೇಕು ಎಂದು ಓದಿದೆ. ಎಷ್ಟು ಎಂಬುದು ಒಂದೊಂದು ಕಡೆ ಒಂದೊಂದು ಥರ ಇದೆ.

---

ಹಿಟ್ಟು_ನೀರು

ರೊಟ್ಟಿ ಬಿರಿಯುವುದಕ್ಕೂ ಬ್ರೆಡ್ ಕುಸಿಯುವುದಕ್ಕೂ ಕಾರಣ ಒಂದೇ. ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದರೆ ಗ್ಲಿಯಾಡಿನ್, ಗ್ಲುಟೆನಿನ್ ಎಂಬ ಎರಡು ಪ್ರೋಟೀನುಗಳು ಸೇರಿ ಎಳೆದರೆ ಹಿಗ್ಗುವ ಬಲೆಯಾಗುತ್ತವೆ. ಆ ಬಲೆಯೇ ಅಂಚು ಬಿರಿಯದಂತೆ ಹಿಡಿಯುತ್ತದೆ, ಈಸ್ಟಿನ ಗಾಳಿಯನ್ನೂ ಕಟ್ಟಿಹಾಕುತ್ತದೆ. ಜೋಳದಲ್ಲಿ, ಅಕ್ಕಿಯಲ್ಲಿ ಅದಿಲ್ಲ; ಎಷ್ಟು ನಾದಿದರೂ ಹುಟ್ಟುವುದಿಲ್ಲ. ಬದಲಿಗೆ ನಮ್ಮ ಕೈಯಲ್ಲಿರುವುದು ಎರಡು: ಬಿಸಿನೀರಿನಲ್ಲಿ ಬೆಂದು ಅಂಟಾಗುವ ಪಿಷ್ಟ, ಮತ್ತು ನೀರು ಕುಡಿದು ಲೋಳೆಯಾಗುವ ನಾರು. ರೊಟ್ಟಿಗೆ ಮೊದಲನೆಯದು ಮುಖ್ಯ, ಬ್ರೆಡ್ಡಿಗೆ ಎರಡನೆಯದು.

*ರೊಟ್ಟಿ.* ಅಕ್ಕಿ, ಜೋಳಗಳ ಪಿಷ್ಟ ಉಬ್ಬಿ ಅಂಟಾಗಲು ಹೆಚ್ಚುಕಡಿಮೆ 70 ಡಿಗ್ರಿ ಸೆಲ್ಸಿಯಸ್ ಬೇಕು. "ಬಿಸಿನೀರು" ಎಂದು ಕೈಗೆ ಸಹಿಸುವಷ್ಟು ಬಿಸಿಯದ್ದನ್ನು ಹಾಕಿದರೆ ಪಿಷ್ಟ ಏಳುವುದೇ ಇಲ್ಲ. ಹತ್ತರಲ್ಲಿ ಎಂಟು ಸಲ ಬಿರುಕಿಗೆ ಇದೇ ಕಾರಣ ಎಂದು ಧೈರ್ಯವಾಗಿ ಹೇಳುತ್ತೇನೆ. ನೀರು ಗುಳುಗುಳು ಕುದಿಯುತ್ತಿರಬೇಕು.

150 ಗ್ರಾಂ ಜೋಳದ ಹಿಟ್ಟಿಗೆ 180ರಿಂದ 200 ಮಿಲೀ ನೀರು. ಅಕ್ಕಿ ಹಿಟ್ಟಾದರೆ 200ರಿಂದ 220. ಅರ್ಧ ಟೀ ಚಮಚ ಉಪ್ಪು, ಒಂದು ಟೀ ಚಮಚ ಎಣ್ಣೆ. ಕುದಿಯುವ ನೀರನ್ನು ಒಮ್ಮೆಲೇ ಸುರಿದು ಮರದ ಸೌಟಿನಲ್ಲಿ ತಿರುವಿ, ಒಣಹಿಟ್ಟು ಕಾಣದ ಹಾಗೆ ಒದ್ದೆ ಮಾಡಿ, ತಟ್ಟೆ ಮುಚ್ಚಿ 10 ನಿಮಿಷ ಬಿಡಿ. ಈ 10 ನಿಮಿಷದಲ್ಲಿ ಹಿಟ್ಟಿನ ಕಣದ ಒಳಗಿನವರೆಗೂ ನೀರು ಇಳಿಯುತ್ತದೆ. ಬಳಿಕ ಇನ್ನೂ ಬೆಚ್ಚಗಿರುವಾಗಲೇ ಅಂಗೈ ಬುಡದಿಂದ 4–5 ನಿಮಿಷ ತಿಕ್ಕಿ ನಾದಿ. ಒಂದು ಉಂಡೆ ಮಾಡಿ ಒತ್ತಿ ನೋಡಿ: ಅಂಚು ನುಣ್ಣಗಿದ್ದರೆ ಹದ ಬಂತು, ಬಿರಿದರೆ ಬೆರಳಷ್ಟು ಬಿಸಿನೀರು ಚಿಮುಕಿಸಿ ಮತ್ತೆ ನಾದಿ. ಹಿಟ್ಟಿನಿಂದ ಹಿಟ್ಟಿಗೆ ನೀರು ಬದಲಾಗುತ್ತದೆ, ಹಾಗಾಗಿ ಅಳತೆಯನ್ನು ಆರಂಭದ ಗುರುತು ಎಂದಷ್ಟೇ ತಿಳಿಯಿರಿ. ಹಳೆಯ ಜೋಳದ ಹಿಟ್ಟಿಗೆ ಹೊಸದರಷ್ಟು ಜಿಗಿ ಇರುವುದಿಲ್ಲ. ಸಜ್ಜೆ ಹಿಟ್ಟಂತೂ ಎಣ್ಣೆಯಂಶದಿಂದಾಗಿ ಬೇಗ ಕಹಿಯಾಗುತ್ತದೆ. ಆದ್ದರಿಂದ ಕಡಿಮೆ ಕಡಿಮೆ ಬೀಸಿಕೊಳ್ಳಿ.

ಆರಿದ ಮೇಲೂ ಮಡಚಲು ಬರಬೇಕು, ಡಬ್ಬಿಗೆ ಕಟ್ಟಿಕೊಡಬೇಕು ಎಂದಿದ್ದರೆ ಮೇಲಿನ ಅಳತೆಗೆ 4 ಗ್ರಾಂ ಇಸಬ್ಗೋಲ್ ಪುಡಿ ಒಣಹಿಟ್ಟಿನಲ್ಲೇ ಬೆರೆಸಿ, ನೀರು 30 ಮಿಲೀ ಹೆಚ್ಚಿಸಿ. ಎರಡು ಹಾಳೆಗಳ ನಡುವೆ ಲಟ್ಟಿಸಿದರೆ ಮೇಲೆ ಉದುರಿಸುವ ಒಣಹಿಟ್ಟು ಬೇಕಾಗುವುದಿಲ್ಲ. ಆ ಒಣಹಿಟ್ಟು ಕೂಡ ರೊಟ್ಟಿಯನ್ನು ಒರಟು ಮಾಡುತ್ತದೆ. ಹಂಚು ಚೆನ್ನಾಗಿ ಕಾದಿರಲಿ. ಮಂದ ಉರಿಯಲ್ಲಿ ನಿಧಾನ ಬೇಯಿಸಿದರೆ ತೇವವೆಲ್ಲ ಆರಿ ಹಪ್ಪಳವಾಗುತ್ತದೆ. ಬೆಂದದ್ದನ್ನು ತಕ್ಷಣ ಬಟ್ಟೆಯಲ್ಲಿ ಸುತ್ತಿ ಮುಚ್ಚಿಡಿ. ಆ ಹಬೆಯೇ ಮೆತ್ತಗಿಡುವುದು.

*ಬ್ರೆಡ್.* ತಕ್ಕಡಿ ಇಲ್ಲದೆ ಇದಕ್ಕೆ ಕೈ ಹಾಕಬೇಡಿ. ಒಂದು ಕಪ್ ಅಕ್ಕಿ ಹಿಟ್ಟು 150 ಗ್ರಾಂ ಹತ್ತಿರ ತೂಗಿದರೆ ಅದೇ ಕಪ್ಪಿನ ಮರಗೆಣಸಿನ ಪಿಷ್ಟ 120 ಗ್ರಾಂ. ಕಪ್ಪಿನ ಲೆಕ್ಕದಲ್ಲಿ ಹೋದರೆ ಒಂದೊಂದು ಸಲ ಒಂದೊಂದು ಬ್ರೆಡ್ ಬರುತ್ತದೆ.

ಒಂದು ಮಧ್ಯಮ ಟಿನ್ನಿಗೆ, ಅಂದರೆ ಸುಮಾರು 21 ಸೆಂ.ಮೀ. ಉದ್ದ 11 ಸೆಂ.ಮೀ. ಅಗಲದ್ದಕ್ಕೆ: ಜೋಳದ ಹಿಟ್ಟು 150 ಗ್ರಾಂ, ಅಕ್ಕಿ ಹಿಟ್ಟು 100, ಮರಗೆಣಸಿನ ಪಿಷ್ಟ 150. ಒಟ್ಟು 400. ಇದಕ್ಕೆ ಇಡೀ ಇಸಬ್ಗೋಲ್ ಹೊಟ್ಟು 20 ಗ್ರಾಂ, ಒಣ ಈಸ್ಟ್ 7, ಸಕ್ಕರೆ 15, ಉಪ್ಪು 8, ಎಣ್ಣೆ 30, ವಿನೆಗರ್ ಒಂದು ಟೀ ಚಮಚ, ನೀರು ಒಟ್ಟು 400 ಮಿಲೀ.

ನಿಮ್ಮ ಇಸಬ್ಗೋಲ್ ಗೊಂದಲಕ್ಕೆ ಉತ್ತರ ಇಲ್ಲಿದೆ: ಹಿಟ್ಟಿನ ತೂಕದ ಶೇ 5ರ ಆಸುಪಾಸು, ಅದೂ ಪುಡಿ ಮಾಡದ ಹೊಟ್ಟಿಗೆ. ಪುಡಿಯಾದರೆ ಚಮಚದಲ್ಲಿ ಎರಡರಷ್ಟು ಹಿಡಿಯುತ್ತದೆ, ನೀರನ್ನೂ ಬೇಗ ಎಳೆಯುತ್ತದೆ. ಆಗ 16 ಗ್ರಾಂ ಸಾಕು. ಚಮಚದಲ್ಲಿ ಅಳತೆ ಕೊಟ್ಟವರು ಯಾವುದನ್ನು ಬಳಸಿದ್ದಾರೆ ಎಂದು ಹೇಳದೆ ಇರುವುದರಿಂದಲೇ ಇಷ್ಟು ಪಾಠಾಂತರ.

300 ಮಿಲೀ ನೀರಿಗೆ ಹೊಟ್ಟನ್ನು ಉದುರಿಸುತ್ತ ಕಲಕಿ 5 ನಿಮಿಷ ಬಿಡಿ, ಗಟ್ಟಿ ಲೋಳೆಯಾಗುತ್ತದೆ. ಉಳಿದ 100 ಮಿಲೀ ನೀರು 38–40 ಡಿಗ್ರಿಗೆ ಬೆಚ್ಚಗಾಗಿಸಿ ಈಸ್ಟ್, ಸಕ್ಕರೆ ಹಾಕಿ ನೊರೆ ಬರಿಸಿ. ಹಿಟ್ಟುಗಳಿಗೆ ಉಪ್ಪು ಬೆರೆಸಿ ಎಲ್ಲವನ್ನೂ ಕೂಡಿಸಿ 5 ನಿಮಿಷ ಚೆನ್ನಾಗಿ ಕಲಸಿ. ಇಲ್ಲಿ ನಾದುವುದು ಬಲೆ ಕಟ್ಟಲಿ ಎಂದಲ್ಲ, ಲೋಳೆ ಎಲ್ಲ ಕಡೆ ಸಮನಾಗಿ ಹರಡಲಿ ಎಂದು. ಲೋಳೆಯ ಗಂಟು ಉಳಿದರೆ ಬೆಂದ ಬ್ರೆಡ್ಡಿನಲ್ಲಿ ರಬ್ಬರಿನ ಚುಕ್ಕೆಗಳಾಗಿ ಸಿಗುತ್ತವೆ. ಹಿಟ್ಟು ಗೋಧಿ ಕಣಕಕ್ಕಿಂತ ಮೆತ್ತಗೆ, ಕೈಗೆ ತುಸು ಅಂಟುವಂತಿರುತ್ತದೆ. ಹೆದರಿ ಒಣಹಿಟ್ಟು ಸೇರಿಸಬೇಡಿ.

ನೇರ ಟಿನ್ನಿಗೆ ತುಂಬಿ, ಒದ್ದೆ ಕೈಯಿಂದ ಮೇಲ್ಮೈ ನುಣುಪು ಮಾಡಿ, ಮುಚ್ಚಿ ಬೆಚ್ಚಗಿಡಿ. ಉಬ್ಬುವುದು ಒಂದೇ ಸಲ. ಒಮ್ಮೆ ಉಬ್ಬಿದ್ದನ್ನು ಕುಟ್ಟಿ ಎರಡನೇ ಸಲ ಉಬ್ಬಿಸುವ ಗೋಧಿ ಬ್ರೆಡ್ಡಿನ ಕ್ರಮ ಇಲ್ಲಿ ಬೇಡ. 35ರಿಂದ 50 ನಿಮಿಷದಲ್ಲಿ ಒಂದೂವರೆ ಪಾಲು ಆದ ತಕ್ಷಣ 220 ಡಿಗ್ರಿ ಓವನ್ನಿಗೆ. 20 ನಿಮಿಷದ ಮೇಲೆ 200ಕ್ಕೆ ಇಳಿಸಿ ಇನ್ನೂ 40 ನಿಮಿಷ. ಮೇಲೆ ಕಪ್ಪಾಗುತ್ತಿದ್ದರೆ ಫಾಯಿಲ್ ಮುಚ್ಚಿ, ಹೊರತೆಗೆಯಬೇಡಿ. ನಡುವಿನ ಉಷ್ಣತೆ 96ರಿಂದ 98 ಡಿಗ್ರಿ ಬಂದಾಗ ಬೆಂದಿದೆ ಎಂದು ಲೆಕ್ಕ. ಕಡ್ಡಿ ಚುಚ್ಚಿ ನೋಡುವ ಪರೀಕ್ಷೆ ಇದಕ್ಕೆ ನಂಬಲರ್ಹವಲ್ಲ.

ನಿಮ್ಮದು ಕುಸಿಯುತ್ತಿರುವುದಕ್ಕೆ ಹೆಚ್ಚಾಗಿ ಎರಡು ಕಾರಣಗಳಿರಬೇಕು. ಒಂದು, ಗೋಧಿಯಂತೆ ಎರಡು ಪಾಲು ಆಗಲಿ ಎಂದು ಕಾದಿರಬಹುದು. ಲೋಳೆಯ ಗೋಡೆ ಅಷ್ಟು ಹಿಗ್ಗಲಾರದು. ಗುಳ್ಳೆಗಳು ಒಡೆದು ಒಂದರೊಳಗೊಂದು ಸೇರಿ, ಓವನ್ನಿನ ಬಿಸಿಗೆ ಉಬ್ಬಿ, ಆರುವಾಗ ಮಡಿದು ಬೀಳುತ್ತವೆ. ಮೇಲ್ಮೈಯಲ್ಲಿ ಸಣ್ಣ ತೂತು ಕಾಣಿಸಿಕೊಂಡರೆ ಆಗಲೇ ತಡವಾಗಿದೆ ಎಂದರ್ಥ. ಇನ್ನೊಂದು, ಒಳಗೆ ಬೇಯುವ ಮೊದಲೇ ತೆಗೆದಿರಬಹುದು. ಇದರಲ್ಲಿ ನೀರು ಹೆಚ್ಚಿರುವುದರಿಂದ ಗೋಧಿ ಬ್ರೆಡ್ಡಿಗಿಂತ ಕಾಲುಗಂಟೆಗೂ ಹೆಚ್ಚು ಹೊತ್ತು ಬೇಕು. ಬದಿಗಳೂ ಒಳಕ್ಕೆ ಬಾಗಿದ್ದರೆ ನೀರು ಜಾಸ್ತಿ. ಮುಂದಿನ ಸಲ 20 ಮಿಲೀ ಕಡಿಮೆ ಮಾಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದು ಸರಿಹೋಯಿತು ಎಂದು ತಿಳಿಯುವುದೇ ಇಲ್ಲ.

ಅಂಟಂಟಿಗೆ ಮೂರನೆಯದೊಂದು ಕಾರಣವೂ ಇದೆ: ಬಿಸಿಯಿರುವಾಗಲೇ ಕತ್ತರಿಸುವುದು. ಪಿಷ್ಟ ಗಟ್ಟಿಯಾಗುವುದು ಆರುವಾಗ. ಟಿನ್ನಿನಿಂದ ತೆಗೆದು ತಂತಿ ಜಾಲರಿಯ ಮೇಲೆ ಕನಿಷ್ಠ 3 ಗಂಟೆ ಬಿಡಿ. ಟಿನ್ನಿನಲ್ಲೇ ಬಿಟ್ಟರೆ ಹಬೆ ತಳಕ್ಕೆ ಇಳಿದು ಒದ್ದೆಯಾಗುತ್ತದೆ. ಕೆಲವು ಇಸಬ್ಗೋಲ್ ಹಾಕಿದಾಗ ಒಳಗೆ ನೇರಳೆ ಛಾಯೆ ಬರುತ್ತದೆ, ಅದರಿಂದ ತೊಂದರೆಯಿಲ್ಲ.

ಪೂರ್ತಿ ಆರಿದ ಮೇಲೆ ಹೋಳು ಮಾಡಿ ಅದೇ ದಿನ ಫ್ರೀಜರಿಗೆ ಹಾಕಿ, ಬೇಕಾದಷ್ಟೇ ತೆಗೆದು ಅವರ ಟೋಸ್ಟರಿನಲ್ಲಿ ಬಿಸಿ ಮಾಡಿ. ಫ್ರಿಜ್ಜಿನ ತಣ್ಣನೆಯಲ್ಲಿ ಪಿಷ್ಟ ಇನ್ನೂ ಬೇಗ ಬಿರುಸಾಗುವುದರಿಂದ ಅಲ್ಲಿಡುವುದು ಬೇಡ.

---

ಕಾಳುಕಡ್ಡಿ

ಪೊಟ್ಟಣದ ಪ್ರಶ್ನೆ ಉಳಿದಿದೆ.

"ಗೋಧಿ" ಎಂಬ ಪದ ಇಲ್ಲ ಎಂಬುದು ಸಾಲದು. ಮೈದಾ, ರವೆ, ಸೆಮೊಲಿನಾ, ದಲಿಯಾ, ಕುಸ್‌ಕುಸ್, ಬಲ್ಗರ್, ಡ್ಯೂರಮ್, ಸ್ಪೆಲ್ಟ್, ಸೈಟಾನ್ ಎಲ್ಲವೂ ಗೋಧಿಯೇ. ಟ್ರಿಟಿಕೇಲ್ ಎಂದರೆ ಗೋಧಿ ಮತ್ತು ರೈ ಕೂಡಿಸಿದ ಬೆಳೆ. ಜನ ಹೆಚ್ಚು ಮೋಸಹೋಗುವುದು ಬಾರ್ಲಿಯಲ್ಲಿ. ಮಾಲ್ಟ್, ಮಾಲ್ಟ್ ಎಕ್ಸ್‌ಟ್ರಾಕ್ಟ್, ಮಾಲ್ಟ್ ವಿನೆಗರ್ ಎಂದಿದ್ದರೆ ಅದು ಸಾಮಾನ್ಯವಾಗಿ ಬಾರ್ಲಿಯದ್ದು. ಕಾರ್ನ್‌ಫ್ಲೇಕ್ಸ್‌ನಂಥ ಬೆಳಗಿನ ತಿಂಡಿಗಳಿಗೆ ರುಚಿಗೆಂದು ಇದನ್ನೇ ಹಾಕಿರುತ್ತಾರೆ. "ಗೋಧಿರಹಿತ" ಎಂದು ಬರೆದದ್ದು ಗ್ಲುಟೆನ್‌ರಹಿತ ಆಗಬೇಕಿಲ್ಲ. ಮಾಲ್ಟೋಡೆಕ್ಸ್‌ಟ್ರಿನ್ ಹೆಸರಲ್ಲಿ ಮಾಲ್ಟ್ ಕಂಡರೂ ಅದು ಬೇರೆಯೇ ವಸ್ತು, ಅದಕ್ಕೆ ಹೆದರಬೇಕಿಲ್ಲ.

ಸೋಯಾ ಸಾಸಿನ ಹೆಚ್ಚಿನ ಬಗೆಗಳಲ್ಲಿ ಗೋಧಿ ಇರುತ್ತದೆ. ಪುಡಿ ಇಂಗಿನಲ್ಲಿ ಅಂಟನ್ನು ತಡೆಯಲು ಗೋಧಿ ಹಿಟ್ಟು ಬೆರೆಸುವುದು ಸಾಮಾನ್ಯ. ಅಕ್ಕಿ ಹಿಟ್ಟು ಬೆರೆಸಿದ್ದು ಎಂದು ಬರೆದಿದ್ದರೆ ಮಾತ್ರ ಕೊಳ್ಳಿ. ಸೂಪಿನ ಪುಡಿ, ಸಾಸೇಜು, ಸಿದ್ಧ ಮಸಾಲೆ, ಕೆಲವು ಐಸ್‌ಕ್ರೀಮುಗಳಲ್ಲೂ ದಪ್ಪ ಬರಲೆಂದು ಸೇರಿಸಿರುತ್ತಾರೆ. ಮಾತ್ರೆಗಳ ತಯಾರಿಯಲ್ಲಿ ಅಪರೂಪಕ್ಕೆ ಗೋಧಿ ಪಿಷ್ಟ ಇರುತ್ತದೆ, ಔಷಧಿ ಕೊಡುವವರನ್ನು ಕೇಳಿ.

"ಗ್ಲುಟೆನ್ ಫ್ರೀ" ಎಂಬ ಬರಹಕ್ಕೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ ಕಿಲೋಗೆ 20 ಮಿಲಿಗ್ರಾಂ. ಅಂಥ ಆಹಾರ ಅರ್ಧ ಕಿಲೋ ತಿಂದರೂ, ಅದು ಮಿತಿಯ ಅಂಚಿನಲ್ಲೇ ಇದ್ದರೂ, 10 ಮಿಲಿಗ್ರಾಂ ಆಗುತ್ತದೆ. ಮೇಲೆ ಶುಚಿಪಾತ್ರೆಯವರು ಹೇಳಿದ ಲೆಕ್ಕಕ್ಕೆ ಇದು ಹೊಂದುತ್ತದೆ. ಹಿಟ್ಟನ್ನು ಮಾತ್ರ ಈ ಬರಹ ಇದ್ದರಷ್ಟೇ ಕೊಳ್ಳಿ. ಜೋಳದ ಹಿಟ್ಟು ಸ್ವಭಾವತಃ ಗ್ಲುಟೆನ್ ಇಲ್ಲದ್ದಾದರೂ ಗೋಧಿ ಬೀಸುವ ಯಂತ್ರದಲ್ಲೇ ಬೀಸಿದ್ದರೆ ಪ್ರಯೋಜನವಿಲ್ಲ. ಇಡೀ ಕಾಳು ತಂದರೆ ಈ ಕಷ್ಟ ಕಡಿಮೆ: ಬಿಳಿ ತಟ್ಟೆಯಲ್ಲಿ ಒಂದೊಂದು ಹಿಡಿ ಹರಡಿ, ಗೋಧಿ, ಬಾರ್ಲಿ ಕಾಳು ಕಂಡರೆ ಆರಿಸಿ, ಎರಡು ಮೂರು ನೀರಿನಲ್ಲಿ ತೊಳೆದು, ಒಣಗಿಸಿ, ಅವರಿಗೇ ಮೀಸಲಾದ ಯಂತ್ರದಲ್ಲಿ ಬೀಸಿ. ಬೇಳೆಗಳನ್ನೂ ಹೀಗೇ ಹಸನು ಮಾಡಿ. ಹೊಲದಲ್ಲೋ ಸಾಗಣೆಯಲ್ಲೋ ಗೋಧಿ ಬೆರೆತಿರುವುದು ಬೇಳೆಗಳಲ್ಲಿ ಮಾಮೂಲು.

ಓಟ್ಸ್: ಅದರ ಪ್ರೋಟೀನು ಅವೆನಿನ್. ಸೀಲಿಯಾಕ್ ಇರುವ ಹೆಚ್ಚಿನವರಿಗೆ ಅದು ಒಗ್ಗುತ್ತದೆ, ಕೆಲವರಿಗೆ ಒಗ್ಗುವುದಿಲ್ಲ. ಆದರೆ ಮಾಮೂಲಿ ಓಟ್ಸಿನಲ್ಲಿ ಗೋಧಿ, ಬಾರ್ಲಿ ಬೆರೆತೇ ಇರುತ್ತದೆ. ಸದ್ಯಕ್ಕೆ ಬೇಡ. ಕರುಳು ಚೇತರಿಸಿಕೊಂಡು ರಕ್ತದ ಟಿಟಿಜಿ (ಸೀಲಿಯಾಕ್ ರಕ್ತಪರೀಕ್ಷೆಯಲ್ಲಿ ನೋಡುವ ಪ್ರತಿಕಾಯ) ಮಟ್ಟ ಇಳಿದ ಮೇಲೆ, ವೈದ್ಯರನ್ನು ಕೇಳಿ, ಗ್ಲುಟೆನ್ ಫ್ರೀ ಎಂದು ದೃಢಪಟ್ಟ ಓಟ್ಸನ್ನು ಸ್ವಲ್ಪ ಸ್ವಲ್ಪವಾಗಿ ಆರಂಭಿಸಬಹುದು.

ಕೇಳದಿದ್ದರೂ ಒಂದು ಮಾತು. ಹಾಲು ಕುಡಿದರೆ ಅವರಿಗೆ ಹೊಟ್ಟೆ ಉಬ್ಬರಿಸುತ್ತಿದ್ದರೆ "ಎಲ್ಲೋ ಗೋಧಿ ಸೇರಿತು" ಎಂದು ಗಾಬರಿಯಾಗಬೇಡಿ. ಹಾಲಿನ ಲ್ಯಾಕ್ಟೋಸ್ ಅರಗಿಸುವ ಕಿಣ್ವ ಇರುವುದು ಕರುಳಿನ ಆ ಸವೆದ ಒಳಪದರದಲ್ಲೇ. ಪದರ ಬೆಳೆದಂತೆ ಬಹುತೇಕರಿಗೆ ಇದು ಸರಿಹೋಗುತ್ತದೆ. ದೊಡ್ಡವರಲ್ಲಿ ವರ್ಷ, ಎರಡು ವರ್ಷವೂ ಹಿಡಿಯಬಹುದು. ಇನ್ನು ಕಬ್ಬಿಣ, ಫೋಲೇಟ್, ಬಿ12, ಡಿ ವಿಟಮಿನ್ ಕೊರತೆ ಆರಂಭದಲ್ಲಿ ಸಾಮಾನ್ಯ, ರಕ್ತಪರೀಕ್ಷೆಯಲ್ಲಿ ನೋಡಿಸಿ. ಬರೀ ಅಕ್ಕಿಗೆ ಅಂಟಿಕೊಳ್ಳಬೇಡಿ: ನಾರು ಕಡಿಮೆಯಾಗಿ ಮಲಬದ್ಧತೆ ಕಾಡುತ್ತದೆ, ಅಕ್ಕಿ ನೆಲದಿಂದ ಆರ್ಸೆನಿಕ್ ಹೀರಿಕೊಳ್ಳುವ ಬೆಳೆಯೂ ಹೌದು. ರಾಗಿ, ಸಜ್ಜೆ, ನವಣೆ, ಮೆಕ್ಕೆಜೋಳ, ರಾಜಗಿರಿ, ಕಿನೋವಾ, ಬಕ್‌ವೀಟ್ ಸರದಿಯಲ್ಲಿ ಬರಲಿ. ಬಕ್‌ವೀಟ್ ಹೆಸರಿನಲ್ಲಿ ವೀಟ್ ಇದ್ದರೂ ಗೋಧಿಯ ಕುಲದ್ದಲ್ಲ.

ಮಕ್ಕಳನ್ನೂ ಒಮ್ಮೆ ರಕ್ತಪರೀಕ್ಷೆ ಮಾಡಿಸಿ. ಒಡಹುಟ್ಟಿದವರಿಗೆ, ಮಕ್ಕಳಿಗೆ ಇದು ಬರುವ ಸಂಭವ ಬೇರೆಯವರಿಗಿಂತ ಹೆಚ್ಚು. ಪರೀಕ್ಷೆ ಮುಗಿಯುವವರೆಗೆ ಮಕ್ಕಳು ಗೋಧಿ ತಿನ್ನುತ್ತಲೇ ಇರಬೇಕು. ಮೊದಲೇ ಬಿಡಿಸಿದರೆ ರೋಗವಿದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು.

---

ಬೆಳ್ಳಿಬಟ್ಟಲು

ಹಳೆಯ ತಳಿಯ ಗೋಧಿಯಲ್ಲಿ ಗ್ಲುಟೆನ್ ಕಡಿಮೆ, ಹುಳಿ ಬರಿಸಿ ಮಾಡಿದ ಬ್ರೆಡ್ಡಿನಲ್ಲಿ ಬ್ಯಾಕ್ಟೀರಿಯಾ ಅದನ್ನು ಅರಗಿಸಿರುತ್ತದೆ ಅಂತ ಕೇಳಿದ್ದೇನೆ. ನಮ್ಮ ಅಣ್ಣನಿಗೂ ಸೀಲಿಯಾಕ್ ಇದೆ. ಇವನ್ನು ಕೊಡಬಹುದಾ? ಗ್ಲುಟೆನ್ ಅರಗಿಸುವ ಕಿಣ್ವದ ಮಾತ್ರೆಗಳೂ ಸಿಗುತ್ತವಂತೆ.

---

ಕಾಳುಕಡ್ಡಿ

ಬೇಡ, ಮೂರೂ ಬೇಡ. ಎಮ್ಮರ್, ಐನ್‌ಕಾರ್ನ್, ಸ್ಪೆಲ್ಟ್ ಯಾವ ಹಳೆಯ ತಳಿಯಾದರೂ ಅದರಲ್ಲಿ ಗ್ಲುಟೆನ್ ಇದೆ, ಅದೂ ಗ್ರಾಂಗಟ್ಟಲೆ. ನಾವು ಇಲ್ಲಿ ಲೆಕ್ಕ ಹಾಕುತ್ತಿರುವುದು ಮಿಲಿಗ್ರಾಂನಲ್ಲಿ. ಹುಳಿ ಬಂದಾಗ ಗ್ಲುಟೆನ್ ಸ್ವಲ್ಪ ಒಡೆಯುವುದು ನಿಜ. ಸಾಮಾನ್ಯ ಹುಳಿ ಬ್ರೆಡ್ಡಿನಲ್ಲಿ ಉಳಿಯುವುದು ಮಾತ್ರ ಕಿಲೋಗೆ 20 ಮಿಲಿಗ್ರಾಂ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚು. ಮಾತ್ರೆ ನುಂಗಿ ಗೋಧಿ ತಿನ್ನಬಹುದು ಎಂಬ ಭರವಸೆಗೆ ಆಧಾರವಿಲ್ಲ. ಇವನ್ನು ತಿಂದು "ನನಗೇನೂ ಆಗಲಿಲ್ಲ" ಎನ್ನುವವರು ಗೋಧಿ ಒಗ್ಗದಿರುವ ಬೇರೆ ತೊಂದರೆಯವರಾಗಿರಬಹುದು. ನಿಮ್ಮ ಅಣ್ಣನ ದೇಹದಲ್ಲಿ ನಡೆಯುವುದು ಅದಲ್ಲ. ಅಲ್ಲಿ ರೋಗನಿರೋಧಕ ವ್ಯವಸ್ಥೆಯೇ ಕರುಳಿನ ಮೇಲೆ ತಿರುಗಿ ಬೀಳುತ್ತದೆ.

---

ಹಂಚಿನ_ಮುಂದೆ

ಎಲ್ಲರಿಗೂ ಧನ್ಯವಾದ. ಮಕ್ಕಳ ಪರೀಕ್ಷೆಗೆ ಹೆಸರು ಬರೆಸಿದೆ. ಇನ್ನೊಂದು ಪ್ರಶ್ನೆ. ಸೂಪು, ಸಾಸು ದಪ್ಪ ಮಾಡಲು ಮೈದಾ ಬದಲು ಮೆಕ್ಕೆಜೋಳದ ಪಿಷ್ಟ (ಕಾರ್ನ್‌ಫ್ಲೋರ್) ಹಾಕಿದೆ. ಮೊದಲು ಗಂಟಾಯಿತು, ಬಹಳ ಹೊತ್ತು ಕುದಿಸಿದ ಮೇಲೆ ಮತ್ತೆ ನೀರಾಯಿತು. ಕೇಕು ಮಾಡಿದರೆ ಬಾಯಿಗೆ ಮರಳು ಸಿಕ್ಕಂತಿದೆ.

---

ಹಿಟ್ಟು_ನೀರು

ಮೈದಾ ಒಂದು ಚಮಚ ಹಾಕುವಲ್ಲಿ ಕಾರ್ನ್‌ಫ್ಲೋರ್ ಅರ್ಧ ಚಮಚ. ಅದನ್ನು ಎರಡರಷ್ಟು ತಣ್ಣೀರಿನಲ್ಲಿ ಕದಡಿ, ಕೊನೆಯಲ್ಲಿ, ಕುದಿಯುವ ಸಾಸಿಗೆ ತಿರುವುತ್ತ ಹಾಕಿ. ಬಿಸಿಗೆ ನೇರ ಒಣಪುಡಿ ಬಿದ್ದರೆ ಹೊರಪದರ ತಕ್ಷಣ ಅಂಟಾಗಿ ಒಳಗೆ ಒಣಗಂಟು ಉಳಿಯುತ್ತದೆ. ಒಂದು ಕುದಿ ಬಂದು ಪಾರದರ್ಶಕವಾಗಿ, ದಪ್ಪವಾದ ಮೇಲೆ ಇನ್ನೊಂದು ನಿಮಿಷ ಬಿಟ್ಟು ಇಳಿಸಿ. ಹೆಚ್ಚು ಕುದಿಸಿದರೆ, ಅಥವಾ ಟೊಮೆಟೊ, ನಿಂಬೆಯ ಹುಳಿ ಜಾಸ್ತಿಯಿದ್ದರೆ, ಉಬ್ಬಿದ ಪಿಷ್ಟದ ಕಣಗಳು ಒಡೆದು ತೆಳ್ಳಗಾಗುತ್ತದೆ. ಹುಳಿಯನ್ನು ಇಳಿಸಿದ ಮೇಲೆ ಹಿಂಡಿ. ಬಹಳ ಹೊತ್ತು ಕುದಿಯಲೇಬೇಕಾದ ಸಾರಿಗೆ ಅಕ್ಕಿ ಹಿಟ್ಟು ಮೇಲು. ಫ್ರೀಜರಿಗೆ ಹೋಗುವ ಅಡುಗೆಗೆ ಮರಗೆಣಸಿನ ಪಿಷ್ಟ ಹಾಕಿ. ಕಾರ್ನ್‌ಫ್ಲೋರ್ ಹಾಕಿದ್ದು ಕರಗಿದಾಗ ನೀರು ಬಿಡುತ್ತದೆ.

ಕೇಕಿನ ಮರಳು ಅಕ್ಕಿ ಹಿಟ್ಟಿನದ್ದು. ಕಣ ದಪ್ಪವಿರುತ್ತದೆ, ನೀರು ನಿಧಾನ ಕುಡಿಯುತ್ತದೆ. ನುಣ್ಣಗೆ ಬೀಸಿದ್ದನ್ನು ಮತ್ತೆ ಸಣ್ಣ ಜರಡಿಯಲ್ಲಿ ಹಿಡಿದು ಬಳಸಿ. ಎಲ್ಲ ಕಲಸಿದ ಮೇಲೆ ಹಿಟ್ಟನ್ನು ಮುಚ್ಚಿ 30 ನಿಮಿಷ ಬಿಟ್ಟು ಆಮೇಲೆ ಓವನ್ನಿಗಿಡಿ. ಬೇಕಿಂಗ್ ಪೌಡರನ್ನು ಇಡುವ ಮೊದಲಷ್ಟೇ ಬೆರೆಸಿ. ಅಕ್ಕಿ ಹಿಟ್ಟು 300 ಗ್ರಾಂ, ಆಲೂಗಡ್ಡೆ ಪಿಷ್ಟ 100, ಮರಗೆಣಸಿನ ಪಿಷ್ಟ 100 ಬೆರೆಸಿ ಡಬ್ಬಿಯಲ್ಲಿಟ್ಟುಕೊಂಡರೆ ಕೇಕು, ಬಿಸ್ಕತ್ತಿಗೆಲ್ಲ ಆಗುತ್ತದೆ. ಆಲೂಗಡ್ಡೆ ಪಿಷ್ಟ ಬೇರೆ, ಆಲೂಗಡ್ಡೆ ಹಿಟ್ಟು ಬೇರೆ. ಹಿಟ್ಟು ಹಾಕಿದರೆ ಕೇಕು ಗೋಂದಿನಂತಾಗುತ್ತದೆ. ಈ ಮಿಶ್ರಣ 140 ಗ್ರಾಂಗೆ ಕೇಕಿಗಾದರೆ ಕ್ಸಾಂಥನ್ ಗಮ್ (ಹಿಟ್ಟಿಗೆ ಅಂಟು ಕೊಡುವ ಪುಡಿ) ಅರ್ಧ ಟೀ ಚಮಚ, ಬಿಸ್ಕತ್ತಿಗೆ ಕಾಲು. ಅದಕ್ಕಿಂತ ಹೆಚ್ಚಾದರೆ ಬಾಯಲ್ಲಿ ಎಳೆ ಎಳೆಯಾಗಿ ಅಂಟುತ್ತದೆ. ದೊಡ್ಡ ಟಿನ್ನಿನ ಬದಲು ಸಣ್ಣ ಅಚ್ಚುಗಳಲ್ಲಿ 175 ಡಿಗ್ರಿಯಲ್ಲಿ ಬೇಯಿಸಿ, ನಡು ಕುಸಿಯುವ ತಾಪತ್ರಯ ಬಹಳ ಮಟ್ಟಿಗೆ ತಪ್ಪುತ್ತದೆ.